ಬಿಸ್ಕಿಟ್ ತಿಂದವರೆಲ್ಲ ತೆರಿಗೆ ಕೊಟ್ಟವರೇ

ಮಕ್ಕಳೇ, ಈ ವಾರ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯಲ್ಲಿ ಸರ್ಕಾರಕ್ಕೆ ತೆರಿಗೆ ಕೊಡುವವರು ಯಾರು? ಕೆಲವರು "ಅಪ್ಪ" ಎನ್ನುತ್ತೀರಿ. ಇನ್ನು ಕೆಲವರು "ನಮ್ಮದು ಕೂಲಿ ಮಾಡಿ ಉಣ್ಣುವ ಮನೆ, ನಮ್ಮಲ್ಲಿ ಯಾರೂ ಕೊಡುವುದಿಲ್ಲ" ಎನ್ನುತ್ತೀರಿ. ಈ ಎರಡು ಉತ್ತರಕ್ಕೂ ನಾನು ಪೂರ್ತಿ ಅಂಕ ಕೊಡುವುದಿಲ್ಲ. ನಿನ್ನೆ ಶಾಲೆಯ ಬಿಡುವಿನಲ್ಲಿ ಐದು ರೂಪಾಯಿಯ ಬಿಸ್ಕಿಟ್ ಕೊಂಡಿರಲ್ಲ, ಆಗಲೇ ನೀವೂ ತೆರಿಗೆ ಕೊಟ್ಟಾಯಿತು.

ಈ ಮಾತು ಈಗೇಕೆ ಎಂದು ಹೇಳುತ್ತೇನೆ. ನನ್ನ ಮೊಮ್ಮಗಳ ತರಗತಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬ ಹುಡುಗಿಗೆ, "ನಿಮ್ಮವ್ವ ತಿಂಗಳಾ ಪುಕ್ಕಟ ರೊಕ್ಕ ತಗೋತಾಳ. ಅದು ನಮ್ಮಪ್ಪ ಕಟ್ಟಿದ ತೆರಿಗಿ ರೊಕ್ಕ" ಅಂದನಂತೆ. ಆ ಹುಡುಗಿ ಮಧ್ಯಾಹ್ನ ಉಣ್ಣಲೇ ಇಲ್ಲವಂತೆ. ಇದು ಹನ್ನೊಂದು ವರ್ಷದ ಹುಡುಗನ ಮಾತಲ್ಲ. ನಮ್ಮ ಹುನ್ನೂರಿನ ಕಟ್ಟೆಯ ಮೇಲೆ ಕೂತು ನಮ್ಮಂಥ ಹಿರಿಯರು ಆಡಿದ್ದನ್ನು ಅವನು ಕೇಳಿಸಿಕೊಂಡಿದ್ದಾನೆ ಅಷ್ಟೆ. ಹಾಗಾಗಿ ಈ ಪಾಠ ಅಜ್ಜ ಅಜ್ಜಿಯರಿಗೂ ಇರಲಿ.

ತೆರಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಗಳಿಸಿದ್ದರ ಮೇಲಿನ ತೆರಿಗೆ. ಅದನ್ನು ಹೆಚ್ಚು ಗಳಿಸುವವರು ಕಟ್ಟುತ್ತಾರೆ. ಇನ್ನೊಂದು, ಕೊಂಡದ್ದರ ಮೇಲಿನ ತೆರಿಗೆ. ನಮ್ಮ ರಾಜ್ಯದಲ್ಲಿ 1957ರ ಕಾಯ್ದೆಯ ಕಾಲದಿಂದ ಇದನ್ನು ಮಾರಾಟ ತೆರಿಗೆ ಎನ್ನುತ್ತಿದ್ದರು. 2005ರ ಏಪ್ರಿಲ್‌ನಿಂದ ವ್ಯಾಟ್ ಬಂತು. 2017ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಆದ ಜಿಎಸ್‌ಟಿ ಬಂದಿದೆ. ಹೆಸರು ಎರಡು ಸಲ ಬದಲಾದರೂ ರೊಕ್ಕ ಬರುವ ಕಿಸೆ ಬದಲಾಗಲಿಲ್ಲ. ಅದು ಕೊಳ್ಳುವವನ ಕಿಸೆ.

ಬಿಸ್ಕಿಟ್ ಪೊಟ್ಟಣದ ಹಿಂದೆ ಬೆಲೆಯ ಪಕ್ಕದಲ್ಲಿ "ಎಲ್ಲ ತೆರಿಗೆ ಸೇರಿ" ಎಂಬ ಅರ್ಥದ ಸಣ್ಣ ಅಕ್ಷರ ಇರುತ್ತದೆ. ಬಿಸ್ಕಿಟ್ಟಿಗೆ ಈಗ ನೂರಕ್ಕೆ 5ರಂತೆ ಜಿಎಸ್‌ಟಿ ಇದೆ. ಅಂದರೆ ಐದು ರೂಪಾಯಿಯೊಳಗೆ ಸುಮಾರು 24 ಪೈಸೆ ತೆರಿಗೆ. ಅದರಲ್ಲಿ ಅರ್ಧ ದಿಲ್ಲಿಗೆ, ಅರ್ಧ ಬೆಂಗಳೂರಿಗೆ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಅದು ನೂರಕ್ಕೆ 18 ಇತ್ತು. ಆಗ ಅದೇ ಐದು ರೂಪಾಯಿಯಲ್ಲಿ 76 ಪೈಸೆ ತೆರಿಗೆಗೇ ಹೋಗುತ್ತಿತ್ತು. ಮೈಗೆ ಹಚ್ಚುವ ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಹಲ್ಲುಜ್ಜುವ ಪೇಸ್ಟ್ ಕೂಡ ಅಂದು 18ರಿಂದ 5ಕ್ಕೆ ಇಳಿದವು. ಬಟ್ಟೆ ಒಗೆಯುವ ಪುಡಿಗೆ ಮಾತ್ರ 18 ಹಾಗೇ ಉಳಿದಿದೆ.

"ನಮ್ಮೂರ ಕಿರಾಣಿ ಅಂಗಡಿಯವನಿಗೆ ಜಿಎಸ್‌ಟಿ ನಂಬರೇ ಇಲ್ಲ, ಅವನೆಲ್ಲಿ ತೆರಿಗೆ ಕಟ್ಟುತ್ತಾನೆ?" ಎಂದು ಕೇಳುವ ಜಾಣರಿದ್ದಾರೆ. ಸರಿ, ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ರೂಪಾಯಿಯ ಒಳಗಿದ್ದರೆ ನಂಬರು ಬೇಕಿಲ್ಲ. ಆದರೆ ಜಮಖಂಡಿಯ ಹೋಲ್‌ಸೇಲ್ ಅಂಗಡಿಯಿಂದ ಡಬ್ಬಿ ತರುವಾಗಲೇ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅದನ್ನು ಅವನು ನಿಮ್ಮಿಂದ ವಸೂಲು ಮಾಡಿಕೊಳ್ಳುತ್ತಾನೆ.

ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ವ್ಯಾಪಾರಿಗಳು ಮಾರಾಟ ತೆರಿಗೆಯ ಚಲನ್ ಹಿಡಿದುಕೊಂಡು ಬರುತ್ತಿದ್ದರು. ರಬ್ಬರ್ ಹಾಕಿದ ನೋಟಿನ ಕಟ್ಟುಗಳು. ಎಣಿಸುವಾಗ ಅವುಗಳಲ್ಲಿ ಎಣ್ಣೆ ಜಿಡ್ಡಿನ ಹತ್ತರ ನೋಟು, ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟು ಮುದ್ದೆಯಾದ ಐದರ ನೋಟು ಎಲ್ಲ ಇರುತ್ತಿದ್ದವು. ಚಲನ್ ಮೇಲೆ ವ್ಯಾಪಾರಿಯ ಹೆಸರಿಗೆ ನಾನು ಠಸ್ಸೆ ಹೊಡೆದು ಕೊಡುತ್ತಿದ್ದೆ. ತಂದವನು ಒಬ್ಬ, ಕೊಟ್ಟವರು ಸಾವಿರ ಮಂದಿ. ಆ ಸಾವಿರ ಮಂದಿಗೆ ಯಾರೂ ರಸೀದಿ ಕೊಡಲಿಲ್ಲ. ಅದಕ್ಕೇ ಅವರು ತಾವು ತೆರಿಗೆ ಕೊಟ್ಟೇ ಇಲ್ಲ ಎಂದುಕೊಂಡಿದ್ದಾರೆ.

ಈಗ ಸ್ವಲ್ಪ ಗಣಿತ. ಒಂದು ಮನೆಯ ತಿಂಗಳ ಗಳಿಕೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಅವರು 4,000 ರೂಪಾಯಿಯಷ್ಟು ತೆರಿಗೆ ಇರುವ ಸರಕು ಕೊಳ್ಳುತ್ತಾರೆ. ನೂರಕ್ಕೆ 5ರಂತೆ ತೆರಿಗೆ 200. ಇನ್ನೊಂದು ಮನೆಯ ಗಳಿಕೆ ಒಂದು ಲಕ್ಷ. ಅವರು ಅಂಥ ಸರಕು 20,000ದ್ದು ಕೊಳ್ಳುತ್ತಾರೆ, ಉಳಿದದ್ದರಲ್ಲಿ ಹೆಚ್ಚಿನದನ್ನು ಬ್ಯಾಂಕಿಗೆ ಹಾಕುತ್ತಾರೆ. ಅವರ ತೆರಿಗೆ 1,000. ಯಾರು ಹೆಚ್ಚು ಕೊಟ್ಟರು? ರೂಪಾಯಿಯಲ್ಲಿ ನೋಡಿದರೆ ದೊಡ್ಡ ಮನೆ. ಗಳಿಕೆಗೆ ಹೋಲಿಸಿದರೆ ಸಣ್ಣ ಮನೆ ನೂರಕ್ಕೆ 2 ಕೊಟ್ಟಿತು, ದೊಡ್ಡ ಮನೆ ನೂರಕ್ಕೆ 1. ಸಾಬೂನಿಗೆ ಬಡವ ಬಲ್ಲಿದ ಗೊತ್ತಾಗುವುದಿಲ್ಲ. ಇಬ್ಬರಿಂದಲೂ ಅಷ್ಟೇ ವಸೂಲು ಮಾಡುತ್ತದೆ.

ಈ ಓರೆಯನ್ನು ತಿದ್ದಲು ಎರಡು ದಾರಿ ಇವೆ. ಮೊದಲನೆಯದು, ಬಡವರಿಗೂ ಬೇಕೇಬೇಕಾದ ವಸ್ತುವಿಗೆ ತೆರಿಗೆಯನ್ನೇ ಹಾಕದಿರುವುದು. ಸಂತೆಯಲ್ಲಿ ಅಳೆದು ಕೊಡುವ ಜೋಳ, ಕಾಯಿಪಲ್ಲೆ, ಉಪ್ಪು, ಇವಕ್ಕೆ ಜಿಎಸ್‌ಟಿ ಇಲ್ಲ. ಉಪ್ಪಿನ ತೆರಿಗೆಗಾಗಿ ಗಾಂಧೀಜಿ 1930ರಲ್ಲಿ ದಂಡಿಗೆ ನಡೆದದ್ದು ನಿಮ್ಮ ಪಾಠದಲ್ಲೇ ಇದೆ. ಮಹಾಲಿಂಗಪುರದ ಪೇಟೆಯಿಂದ ಬಂದ ಬೆಲ್ಲವನ್ನು ಅಂಗಡಿಯವ ಒಡೆದು ತೂಗಿ ಕೊಟ್ಟರೆ ತೆರಿಗೆ ಇಲ್ಲ. ಅದೇ ಬೆಲ್ಲ ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಬಂದರೆ ನೂರಕ್ಕೆ 5. ನಿಮ್ಮ ನೋಟ್‌ಬುಕ್, ಪೆನ್ಸಿಲ್, ರಬ್ಬರಿಗೆ 2025ರ ಸೆಪ್ಟೆಂಬರಿನಿಂದ ತೆರಿಗೆ ತೆಗೆದಿದ್ದಾರೆ. ಪೆನ್ನಿಗೆ ಮಾತ್ರ ನೂರಕ್ಕೆ 18 ಇದೆ. ಅಕ್ಷರ ದುಂಡಗಾಗುವವರೆಗೆ ಪೆನ್ಸಿಲಿನಲ್ಲೇ ಬರೆಯಿರಿ!

ಎರಡನೆಯ ದಾರಿ, ಎಲ್ಲರಿಂದ ತೆಗೆದುಕೊಂಡು, ಕಡಿಮೆ ಗಳಿಕೆಯ ಮನೆಗೆ ಒಂದಿಷ್ಟು ತಿರುಗಿ ಕೊಡುವುದು. ಕೆನಡಾ ದೇಶದಲ್ಲಿ ಜಿಎಸ್‌ಟಿ ಬಂದದ್ದು 1991ರ ಜನವರಿಯಲ್ಲಿ. ಅದರ ಜೊತೆಗೇ "ಜಿಎಸ್‌ಟಿ ಕ್ರೆಡಿಟ್" ಎಂಬ ವ್ಯವಸ್ಥೆಯೂ ಬಂತು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ಕಡಿಮೆ ಗಳಿಕೆಯವರ ಖಾತೆಗೆ ಹಣ ಬೀಳುತ್ತದೆ. ಸಾಬೂನು ಕೊಂಡ ಚೀಟಿ ತೋರಿಸಬೇಕಿಲ್ಲ. ವರ್ಷದ ಗಳಿಕೆಯ ಲೆಕ್ಕ ಕೊಟ್ಟರೆ ಸಾಕು, ಗಳಿಕೆ ಸೊನ್ನೆಯಾದರೂ ಲೆಕ್ಕ ಮಾತ್ರ ಕೊಡಲೇಬೇಕು. ಮಕ್ಕಳಿರುವ ಮನೆಗೆ ಹೆಚ್ಚು. ಟೊರಾಂಟೊ ಕಡೆ ನೆಲೆಸಿದ ನಮ್ಮ ಕನ್ನಡದ ಮನೆಗಳಿಗೂ ಈ ನಿಯಮವೇ. ಸಿಂಗಪುರದಲ್ಲಿ 2012ರಿಂದ "ಜಿಎಸ್‌ಟಿ ವೋಚರ್" ಇದೆ. ಅಲ್ಲಿ ಇದನ್ನು ಪಡೆಯುವವರಿಗೆ ಇದು ಯಾವುದರ ಹಣ ಎಂದು ಹೆಸರಿನಲ್ಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಆ ಹೆಸರಿನ ಯೋಜನೆ ಇಲ್ಲ. ಆದರೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಇದೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವ ಹೆಣ್ಣುಮಗಳ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇದು ತೆರಿಗೆಯ ವಾಪಸಾತಿ ಎಂದು ಸರ್ಕಾರ ಹೇಳಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಎರಡರ ಲೆಕ್ಕ ಬೇರೆ ಬೇರೆ. ಆದರೆ ಸರ್ಕಾರದ ಬೊಕ್ಕಸ ಒಂದೇ. ಅದರೊಳಗೆ ಆ ತಾಯಿಯ ಸಾಬೂನು, ಚಹಾಪುಡಿ, ಬನಹಟ್ಟಿ ಸೀರೆಯ ಪೈಸೆಗಳೂ ಬಿದ್ದಿವೆ.

ಈ ಯೋಜನೆಗೆ ಒಂದು ಷರತ್ತಿದೆ. ಯಜಮಾನಿ ಇಲ್ಲವೇ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ. ಕಾಗದ ಪತ್ರದಲ್ಲಿ ಲೆಕ್ಕ ಸಲ್ಲಿಸುವವನ ಹೆಸರಷ್ಟೇ ಇರುತ್ತದೆ, ಕಿಸೆಯಿಂದ ಕೊಟ್ಟವಳ ಹೆಸರು ಇರುವುದಿಲ್ಲ. ಕಟ್ಟೆಯ ಮೇಲಿನ ಗೊಂದಲಕ್ಕೆ ಮೂಲವೇ ಇದು. ಯೋಜನೆ ಒಳ್ಳೆಯದೋ, ಹಣ ಯಾರಿಗೆ ಎಷ್ಟು ಸಲ್ಲಬೇಕೋ ಎಂದು ಹಿರಿಯರು ವಾದ ಮಾಡಲಿ, ಅದು ಪ್ರಜೆಗಳ ಹಕ್ಕು. ಆದರೆ "ಅವರು ಏನೂ ಕೊಡದವರು" ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಆ ಹುಡುಗಿಯ ತಾಯಿಯೂ ತೆರಿಗೆ ಕೊಟ್ಟವಳೇ. ಆ ಹುಡುಗಿಯೂ ಕೊಟ್ಟವಳೇ. ಅವಳು ತಲೆ ತಗ್ಗಿಸುವ ಕಾರಣವಿಲ್ಲ. ಆ ಹುಡುಗನೂ ಕೆಟ್ಟವನಲ್ಲ, ಅವನಿಗೆ ಅರ್ಧ ಲೆಕ್ಕ ಕಲಿಸಿದ್ದೇವೆ.

ಅಜ್ಜಿಯರಿಗೆ, ತಾಯಂದಿರಿಗೆ ನನ್ನ ಹಳೆಯ ಕೌಂಟರಿನ ನಾಲ್ಕು ಮಾತು. ಇಂಥ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಯಾವುದನ್ನು ಕೊನೆಗೆ ಜೋಡಿಸಿದ್ದೀರೋ ಅದಕ್ಕೆ ಬೀಳುತ್ತದೆ. "ಈ ತಿಂಗಳ ರೊಕ್ಕ ಬಂದಿಲ್ಲ" ಎನ್ನುವ ಮುಂಚೆ ಪೆಟ್ಟಿಗೆಯಲ್ಲಿರುವ ಇನ್ನೊಂದು ಪಾಸ್‌ಬುಕ್ಕನ್ನೂ ಬರೆಸಿ ನೋಡಿ. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ. ಹೆಬ್ಬೆಟ್ಟು ಒತ್ತಿ ಹಣ ತೆಗೆದರೆ ಚೀಟಿ ಕೇಳಿ ಪಡೆಯಿರಿ. ಫೋನಿನಲ್ಲಿ ಬಂದ ನಂಬರನ್ನು ಯಾರು ಕೇಳಿದರೂ ಹೇಳಬೇಡಿ, ಬ್ಯಾಂಕಿನವರು ಅಂದರೂ ಹೇಳಬೇಡಿ. ಓದಲು ಕಣ್ಣು ಸಾಲದಿದ್ದರೆ ಮೊಮ್ಮಕ್ಕಳಿದ್ದಾರಲ್ಲ, ಅವರಿಂದ ಓದಿಸಿ.

ಮಕ್ಕಳೇ, ಈ ವಾರದ ಮನೆಗೆಲಸ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಐದು ಪೊಟ್ಟಣ ತೆಗೆದುಕೊಳ್ಳಿ. ನೂರಕ್ಕೆ 5 ತೆರಿಗೆ ಇರುವ ವಸ್ತುವಾದರೆ ಬೆಲೆಯನ್ನು 5ರಿಂದ ಗುಣಿಸಿ 105ರಿಂದ ಭಾಗಿಸಿ. ನೂರಕ್ಕೆ 18 ಇದ್ದರೆ 18ರಿಂದ ಗುಣಿಸಿ 118ರಿಂದ ಭಾಗಿಸಿ. ಪೇಸ್ಟ್ ಬೆಲೆ 42 ರೂಪಾಯಿ ಇದ್ದರೆ ಸರಕು 40, ತೆರಿಗೆ 2. ಒಗೆಯುವ ಪುಡಿ 59 ಇದ್ದರೆ ಸರಕು 50, ತೆರಿಗೆ 9. ಐದನ್ನೂ ಕೂಡಿ, ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದರ ಕೆಳಗೆ "ಇಷ್ಟು ತೆರಿಗೆ ಸಂದಾಯವಾಗಿದೆ" ಎಂದು ಬರೆದು, ಅಜ್ಜಿಯ ಹೆಸರು ಹಾಕಿ, ಅವರ ಕೈಗೆ ಕೊಡಿ. ಇಷ್ಟು ವರ್ಷ ಯಾರೂ ಕೊಡದ ರಸೀದಿ ಅದು.