ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ ಸ್ವಾಮೀ!

ಆಫೀಸಿನ ಗೋಡೆ ಮೇಲೆ ದೊಡ್ಡ ಟೀವಿ ನೇತುಹಾಕಿ ಅದರ ತುಂಬ ಗ್ರಾಫು, ಮುಳ್ಳು, ಹಸಿರು ಚೌಕ ಕುಣಿಸೋದು ಈಗ ಎಲ್ಲ ಟೀಮುಗಳ ಶೋಕಿ. ಬೇಡ ಅನ್ನಲ್ಲ. ನನ್ನ ತಕರಾರು ಇರೋದು ಆ ಹಸಿರಿಗೆ ಅಂಕಿ ಎಲ್ಲಿಂದ ಬರುತ್ತೆ ಅನ್ನೋದರ ಬಗ್ಗೆ. ಯಾವ ಬಣ್ಣ, ಯಾವ ಫಾಂಟು ಅಂತ ಮೂರು ಮೂರು ಮೀಟಿಂಗ್ ಮಾಡ್ತಾರೆ. ಡೇಟಾ ಸೋರ್ಸ್ ಪ್ಲಗಿನ್ ಬರೆಯೋ ಕೆಲಸ ಮಾತ್ರ "ಅದೇನ್ ಮಹಾ, ಎಪಿಐ ಕರೆದು ಅಂಕಿ ತಂದುಕೊಡೋದು ತಾನೆ" ಅಂತ ಹೊಸದಾಗಿ ಸೇರಿದವರ ತಲೆಗೆ. ಬರೀ ಪ್ಲಂಬಿಂಗ್ ಅಂತೆ! ಮುಂಬೈಯ ಹಳೇ ಬಿಲ್ಡಿಂಗುಗಳಲ್ಲಿ ಸಂಸಾರ ಮಾಡಿದವರನ್ನ ಕೇಳಿ, ಪ್ಲಂಬಿಂಗ್ ಅಂದ್ರೆ ಏನು ಅಂತ ಹೇಳ್ತಾರೆ.

ವಿಷಯ ಇಷ್ಟೇ. ಪ್ಲಗಿನ್ ಹೋಗಿ ಕೇಳಿದಾಗ ಆ ಕಡೆಯಿಂದ ಉತ್ತರ ಬರಲಿಲ್ಲ ಅಂದ್ಕೊಳ್ಳಿ. ಆಗ ಅದು ಏನು ಹೇಳಬೇಕು? "ಗೊತ್ತಿಲ್ಲ" ಅನ್ನಬೇಕು. ನಾನು ನೋಡಿದ ಹತ್ತರಲ್ಲಿ ಏಳು ಪ್ಲಗಿನ್ನು "ಸೊನ್ನೆ" ಅನ್ನುತ್ತವೆ. ಈಗ ಆ ಪ್ಯಾನೆಲ್ಲಿನ ಹೆಸರು "ಕಳೆದ ಐದು ನಿಮಿಷದ ತಪ್ಪುಗಳು" ಅಂತಿದ್ದರೆ? ತಪ್ಪು ಸೊನ್ನೆ. ಹಸಿರೋ ಹಸಿರು. ಸರ್ವರ್ ಸತ್ತು ಮಲಗಿದೆ, ಗೋಡೆ ಮೇಲೆ ಯುಗಾದಿ ತೋರಣ! ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬಾರದ ಹುಡುಗನಿಗೂ ಬಂದು ಸೊನ್ನೆ ತಗೊಂಡ ಹುಡುಗನಿಗೂ ವ್ಯತ್ಯಾಸ ಇದೆ ಅಂತ ಹಳ್ಳಿ ಮೇಷ್ಟ್ರಿಗೂ ಗೊತ್ತು, ಅದಕ್ಕೇ ಗೈರುಹಾಜರಿ ಅಂತ ಬೇರೆ ಬರೀತಾರೆ.

ಇದು ಹೊಸ ಜ್ಞಾನವೂ ಅಲ್ಲ. 1999ರಲ್ಲಿ ನೆಟ್‌ಸೇಂಟ್ ಅಂತ ಹುಟ್ಟಿ ಆಮೇಲೆ ನಾಗಿಯೋಸ್ ಆದ ತಂತ್ರಾಂಶ ನೋಡಿ. ಅದರ ಪ್ಲಗಿನ್ನು ನಾಲ್ಕು ಸಂಖ್ಯೆಗಳಲ್ಲಿ ಒಂದನ್ನ ಕೊಟ್ಟು ಮುಗೀಬೇಕು: 0 ಅಂದ್ರೆ ಸರಿ, 1 ಅಂದ್ರೆ ಎಚ್ಚರಿಕೆ, 2 ಅಂದ್ರೆ ಗಂಡಾಂತರ, 3 ಅಂದ್ರೆ ಗೊತ್ತಿಲ್ಲ. ಆರ್‌ಆರ್‌ಡಿಟೂಲ್‌ನಲ್ಲಿ ಪ್ರತಿ ಡೇಟಾ ಸೋರ್ಸಿಗೂ ಒಂದು ಹಾರ್ಟ್‌ಬೀಟ್ ಕೊಡಬೇಕು. ಅಷ್ಟು ಸೆಕೆಂಡಿನೊಳಗೆ ಹೊಸ ಅಂಕಿ ಬರದಿದ್ದರೆ ಅದು ತಾನೇ "ಅಜ್ಞಾತ" ಅಂತ ಬರೆದುಕೊಳ್ಳುತ್ತೆ. ಡಯಲಪ್ ಮೋಡೆಮ್ ಕಿರುಚುತ್ತಿದ್ದ ಕಾಲದವರಿಗೆ ಇದ್ದ ವಿವೇಕ ಈಗ ಎಲ್ಲಿ ಹೋಯ್ತು?

ಗ್ರಫಾನಾದ್ದೇ ಉದಾಹರಣೆ ತಗೊಳ್ಳಿ, ಈಗ ಬಹುಪಾಲು ಕಡೆ ಅದೇ ಇರೋದು. ಅದರ ಬ್ಯಾಕೆಂಡ್ ಪ್ಲಗಿನ್ ಬರೆಯೋದು ಗೋ ಭಾಷೆಯಲ್ಲಿ. ಗೋದಲ್ಲಿ ಒಂದು ಗುಣ ಇದೆ. ಜೇಸನ್ ಉತ್ತರದಲ್ಲಿ ಒಂದು ಅಂಕಿಯ ಜಾಗವೇ ಇಲ್ಲದಿದ್ದರೆ, ಸುಮ್ಮನೆ ಫ್ಲೋಟ್ ಅಂತ ಬರೆದ ಚರಕ್ಕೆ 0 ಬಂದು ಕೂರುತ್ತೆ. ಎರರ್ ಇಲ್ಲ, ಸದ್ದಿಲ್ಲ. ಅದನ್ನ ಪಾಯಿಂಟರ್ ಮಾಡಿದರೆ ಖಾಲಿ ಖಾಲಿಯಾಗೇ ಉಳಿಯುತ್ತೆ. ಗ್ರಫಾನಾದ ಡೇಟಾ ಫ್ರೇಮ್ ಎರಡನ್ನೂ ತಗೊಳ್ಳುತ್ತೆ, ಪ್ರತಿ ಪ್ರಶ್ನೆಯ ಉತ್ತರದ ಜೊತೆ ಎರರ್ ಕಳಿಸೋದಕ್ಕೂ ಜಾಗ ಕೊಟ್ಟಿದೆ. ಅಂದ್ರೆ ವ್ಯತ್ಯಾಸ ಒಂದು ನಕ್ಷತ್ರ ಚಿಹ್ನೆ ಮಾತ್ರ. ಅದನ್ನೂ ಹಾಕೋಕೆ ಸೋಮಾರಿತನ! ಹಾಗೇ ಚೆಕ್‌ಹೆಲ್ತ್ ಅಂತ ಒಂದು ಫಂಕ್ಷನ್ ಬರೀಬೇಕು, ಸೋರ್ಸ್ ಸೇರಿಸುವಾಗ ಪರೀಕ್ಷೆ ಮಾಡೋದಕ್ಕೆ. ನಮ್ಮವರು ಅದರೊಳಗೆ ಏನನ್ನೂ ಕೇಳದೆ "ಎಲ್ಲ ಕ್ಷೇಮ" ಅಂತ ಒಂದು ಸಾಲು ಬರೆದು ಊಟಕ್ಕೆ ಹೋಗ್ತಾರೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಹಿಂದೆ ಬಂದ ಅಂಕಿಯನ್ನ ಕ್ಯಾಶ್‌ನಲ್ಲಿಟ್ಟು, ಅದಕ್ಕೆ ಈಗಿನ ಗಂಟೆ ಅಂಟಿಸಿ ಕಳಿಸೋದು. ಅಳೆದ ಹೊತ್ತು ಬೇರೆ, ಕೇಳಿದ ಹೊತ್ತು ಬೇರೆ ಅಲ್ವಾ? ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ (ಹೆಸರು ಬೇಡ ಬಿಡಿ) ಇಂಥದೇ ಪ್ಲಗಿನ್ ಇಡೀ ರಾತ್ರಿ ಒಂದೇ ಕ್ಯೂ ಉದ್ದ ತೋರಿಸ್ತಾ ಕೂತಿತ್ತು. ಗೆರೆ ನೇರ, ಸುಂದರ. ನೈಟ್ ಶಿಫ್ಟ್ ಹುಡುಗಿ ಅದನ್ನೇ ನಂಬಿ ರಿಪೋರ್ಟ್ ಬರೆದಳು, ಬೆಳಿಗ್ಗೆ ಬೈಸಿಕೊಂಡಳು. ಪ್ಲಗಿನ್ ಬರೆದಾತ ಅಷ್ಟರಲ್ಲಿ ಪ್ರಮೋಷನ್ ತಗೊಂಡು ಬೇರೆ ಟೀಮಿಗೆ ಹೋಗಿದ್ದ. ನನಗೆ ಸಿಟ್ಟು ಬರೋದು ಇದಕ್ಕೇ.

"ಇರಲಿ ಮಾರಾಯ, ಏನೂ ಇಲ್ಲದ್ದಕ್ಕಿಂತ ಏನೋ ಒಂದು ಅಂಕಿ ವಾಸಿ" ಅಂತಾರೆ ಕೆಲವರು. ಇಲ್ಲದ ಮಾವನಿಗಿಂತ ಕುರುಡು ಮಾವ ಲೇಸು ಅನ್ನೋ ಗಾದೆ ಇಲ್ಲಿ ನಡೆಯಲ್ಲ. ದಾದರ್ ಸ್ಟೇಷನ್ನಿನಲ್ಲಿ ಇಂಡಿಕೇಟರ್ ಖಾಲಿ ಇದ್ದರೆ ಜನ ಪಕ್ಕದವರನ್ನ ಕೇಳ್ತಾರೆ, ಅನೌನ್ಸ್‌ಮೆಂಟಿಗೆ ಕಿವಿ ಕೊಡ್ತಾರೆ. ಸ್ಲೋ ಗಾಡಿಗೆ ಫಾಸ್ಟ್ ಅಂತ ತೋರಿಸಿದರೆ ಯಾರನ್ನೂ ಕೇಳದೆ ಹತ್ತಿಬಿಡ್ತಾರೆ! 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಆದದ್ದೂ ಇದೇ ಜಾತಿಯದು. ವಾಲ್ವಿಗೆ ಮುಚ್ಚಿಕೋ ಅಂತ ಆಜ್ಞೆ ಹೋಗಿದೆಯಾ ಅನ್ನೋದನ್ನ ಮಾತ್ರ ದೀಪ ತೋರಿಸುತ್ತಿತ್ತು, ನಿಜಕ್ಕೂ ಮುಚ್ಚಿದೆಯಾ ಅನ್ನೋದನ್ನಲ್ಲ. ವಾಲ್ವು ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಸೋರಿತು, ರಿಯಾಕ್ಟರಿನ ಒಡಲು ಭಾಗಶಃ ಕರಗಿತು. ನಮ್ಮ ಕ್ಯೂ ಉದ್ದದಿಂದ ಯಾರೂ ಸಾಯಲ್ಲ, ಒಪ್ಪಿದೆ. ದೀಪದ ಸುಳ್ಳು ಮಾತ್ರ ಅದೇ.

ಇನ್ನೊಂದು ವಾದ, ಮ್ಯಾನೇಜರಿಗೆ ಗ್ರಾಫಿನಲ್ಲಿ ತೂತು ಕಂಡರೆ ಆಗಲ್ಲ ಅನ್ನೋದು. ಆಗದಿದ್ದರೆ ಪ್ಯಾನೆಲ್ಲಿನಲ್ಲಿ ಮುಚ್ಚಿಕೊಳ್ಳಲಿ. ಗ್ರಫಾನಾದಲ್ಲಿ ಖಾಲಿ ಜಾಗ ದಾಟಿ ಗೆರೆ ಸೇರಿಸೋ ಆಯ್ಕೆ ಇದೆ, ಗ್ರಾಫೈಟಿನಲ್ಲಿ ಕೀಪ್‌ಲಾಸ್ಟ್‌ವ್ಯಾಲ್ಯೂ ಇದೆ. ಚಿತ್ರ ಬರೆಯೋವಾಗ ಮುಚ್ಚಿದ ತೂತನ್ನ ಒಂದು ಕ್ಲಿಕ್ಕಲ್ಲಿ ತೆರೆದು ನೋಡಬಹುದು. ಪ್ಲಗಿನ್ನೇ ಸೊನ್ನೆ ತುಂಬಿ ಕಳಿಸಿದರೆ, ಯಾವುದು ನಿಜವಾದ ಸೊನ್ನೆ ಯಾವುದು ತುಂಬಿಸಿದ್ದು ಅಂತ ಆಮೇಲೆ ಬ್ರಹ್ಮನಿಗೂ ಹೇಳೋಕಾಗಲ್ಲ.

ಅದಕ್ಕೇ ನನ್ನ ಟೇಬಲ್ಲಿಗೆ ಪ್ಲಗಿನ್ ತಂದವರ ಕೋಡನ್ನ ನಾನು ಮೊದಲು ಓದೋದೇ ಇಲ್ಲ. ಪಾಸ್‌ವರ್ಡ್ ತಪ್ಪು ಕೊಡ್ತೀನಿ, ನೆಟ್‌ವರ್ಕ್ ಕೀಳ್ತೀನಿ, ಉತ್ತರದಿಂದ ಒಂದು ಅಂಕಿ ಕಿತ್ತುಹಾಕ್ತೀನಿ. ಪರದೆ ಮೇಲೆ ಆಗಲೂ 0 ಕಂಡರೆ ವಾಪಸ್. "ಸಾರ್, ಡೆಮೋ ನಾಳೆ ಇದೆ" ಅಂತಾರೆ. ಇರಲಿ, ನಾಡಿದ್ದು ಮಾಡಿ.