ಅಕ್ಷರ ತಪ್ಪಿದರೆ ವಿಮಾನ ಬೀಳುತ್ತದೆಯೇ?

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟರೆ ತೊಗರಿ ಹೊಲಗಳ ನಡುವೆ, ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ಕಾಣುತ್ತದೆ. 2019ರ ನವೆಂಬರ್ 22ರಂದು ಅದು ಉದ್ಘಾಟನೆಯಾದಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಜನ ಸಂತೋಷಪಟ್ಟಿದ್ದು ಸಹಜ. ಅದಕ್ಕೂ ಮೊದಲು, 2017ರ ಏಪ್ರಿಲ್‌ನಲ್ಲಿ, ಶಿಮ್ಲಾದಲ್ಲಿ ಉಡಾನ್ ಯೋಜನೆಗೆ ಚಾಲನೆ ನೀಡಿದ ಪ್ರಧಾನಿಯವರು ಹವಾಯಿ ಚಪ್ಪಲಿ ತೊಟ್ಟವರೂ ಹವಾಯಿ ಜಹಾಜು ಏರಬೇಕು ಎಂದಿದ್ದರು. ಮಾತು ಚೆನ್ನಾಗಿತ್ತು. ಆದರೆ ಆ ಚಪ್ಪಲಿ ತೊಟ್ಟವನ ಹೆಸರನ್ನು ಸರ್ಕಾರಿ ಕಾಗದಗಳಲ್ಲಿ ಹೇಗೆ ಬರೆದಿಟ್ಟಿದ್ದಾರೆ ಎಂದು ಆಗ ಯಾರೂ ಕೇಳಲಿಲ್ಲ.

ಶಹಾಬಾದಿನ ಕಲ್ಲುಗಣಿಗಳಲ್ಲಿ ನಲವತ್ತು ವರ್ಷ ದುಡಿದ ನನ್ನ ಸಂಬಂಧಿಕರೊಬ್ಬರು ಮಗನನ್ನು ನೋಡಲು ದೂರದ ಒಂದು ದೊಡ್ಡ ನಗರಕ್ಕೆ ಹೋಗಿದ್ದರು. ಊರಲ್ಲಿ ಅಕ್ಕ ತೀರಿಕೊಂಡ ಸುದ್ದಿ ರಾತ್ರಿ ಬಂತು. ಮಣ್ಣು ಕೊಡುವ ಹೊತ್ತಿಗಾದರೂ ಮುಟ್ಟಲಿ ಎಂದು ಮೊಮ್ಮಗ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆದ. ಮನೆಯಲ್ಲಿ ಎಲ್ಲರೂ ಕರೆಯುವಂತೆ ಮೆಹಬೂಬ್ ಅಲಿ ಎಂದು ಹೆಸರು ಬರೆಸಿದ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಮೈಬೂಬಸಾಬ. ಬಾಗಿಲಲ್ಲಿ ನಿಂತ ಜವಾನ ಎರಡನ್ನೂ ನೋಡಿ, ಇವರು ಬೇರೆ, ಅವರು ಬೇರೆ ಎಂದ. ವಿಮಾನ ಕಂಪನಿಯ ಕೌಂಟರಿನ ಹುಡುಗಿ ಒಂದೆರಡು ಅಕ್ಷರವಾದರೆ ತಿದ್ದಬಹುದಿತ್ತು, ಇದು ಬೇರೆಯೇ ಹೆಸರು, ಹೊಸ ಟಿಕೆಟ್ ತೆಗೆಯಿರಿ ಎಂದಳು. ಮುದುಕರು ಹೇಳಿದ್ದು ಇಷ್ಟೇ: "ಹೆಸ್ರು ನಾ ಬರ್ದಿಲ್ಲವ್ವ, ಬರ್ದಾಂವ ನಿಮ್ಮ ಸರ್ಕಾರದಾಂವ. ನಾ ಕಲ್ಲ ಒಡಿಯಾಂವ." ವಿಮಾನ ಹೋಯಿತು. ಅವರು ರೈಲಿನ ಜನರಲ್ ಬೋಗಿ ಹತ್ತಿದರು. ಅಲ್ಲಿ ಯಾರೂ ಅವರ ಹೆಸರು ಕೇಳಲಿಲ್ಲ. ವಾಡಿ ಜಂಕ್ಷನ್‌ನಲ್ಲಿ ಇಳಿಯುವಾಗ ಅಕ್ಕನ ದಫನ್ ಮುಗಿದು ಒಂದು ರಾತ್ರಿ ಕಳೆದಿತ್ತು.

ಜವಾನನನ್ನು ನಾನು ದೂರುವುದಿಲ್ಲ. ಅವನ ಕೈಯಲ್ಲಿರುವುದು ಮೇಲಿನಿಂದ ಬಂದ ಆದೇಶ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಆ ಮುದುಕರ ಚೀಲವನ್ನು ಎಕ್ಸ್-ರೇ ಯಂತ್ರ ನೋಡುತ್ತಿತ್ತು. ಮೈಯನ್ನು ಲೋಹಶೋಧಕ ನೋಡುತ್ತಿತ್ತು. ಸಾಲದಿದ್ದರೆ ಕೈಯಿಂದ ತಡವಿ ನೋಡುವವರಿದ್ದರು. ಇಷ್ಟೆಲ್ಲ ಆದ ಮೇಲೆ ಮೆಹಬೂಬನೋ ಮೈಬೂಬನೋ ಎಂಬುದರಿಂದ ವಿಮಾನಕ್ಕೆ ಒದಗುವ ಅಪಾಯ ಯಾವುದು?

ಒಂಟೆಯನ್ನು ಕಟ್ಟಿದ ಮೇಲೆಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿವರ್ಯರಿಂದ ಕಲಿತ ಸಮುದಾಯ ನಮ್ಮದು. ಮುಂಜಾಗ್ರತೆ ಬೇಡವೆಂದು ಯಾರೂ ಹೇಳುತ್ತಿಲ್ಲ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ ನಮ್ಮ ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲು ಶುರುಮಾಡಿದ್ದು ಸರಿಯಾದ ಕೆಲಸ. ಆಯುಧ ಒಳಗೆ ಹೋಗಬಾರದು. ಆದರೆ 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನ ಅಪಹರಿಸಿದವರು ಏರಿದ್ದು ಆ ದೇಶದ ಒಳನಾಡಿನ ವಿಮಾನಗಳನ್ನೇ. ಅವರ ಬಳಿ ಟಿಕೆಟ್ ಇತ್ತು, ಗುರುತಿನ ಚೀಟಿಯೂ ಇತ್ತು. ಚೀಟಿ ಅವರನ್ನು ತಡೆಯಲಿಲ್ಲ. ಕೆಡುಕು ಮಾಡಲು ಹೊರಟವನು ಕಾಗದವನ್ನು ನೆಟ್ಟಗೆ ಇಟ್ಟುಕೊಂಡೇ ಬರುತ್ತಾನೆ. ಕಾಗದ ಸರಿಯಿಲ್ಲದೆ ಬರುವವನು ಬಡವ. ನ್ಯೂಜಿಲೆಂಡಿನಲ್ಲಿ ಒಳನಾಡಿನ ವಿಮಾನ ಏರುವವರಿಂದ ಸಾಮಾನ್ಯವಾಗಿ ಗುರುತಿನ ಚೀಟಿ ಕೇಳುವುದಿಲ್ಲ. ಅಲ್ಲೇನೂ ವಿಮಾನಗಳು ಉದುರುತ್ತಿಲ್ಲ.

ಟಿಕೆಟ್ಟನ್ನು ಕಾಳಸಂತೆಯಲ್ಲಿ ಮಾರಬಾರದಲ್ಲ, ಅದಕ್ಕಾಗಿ ಹೆಸರು ನೋಡುತ್ತಾರೆ ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ಅದು ಕಂಪನಿಯ ವ್ಯಾಪಾರದ ವಿಷಯವೆಂದು ನೇರವಾಗಿ ಹೇಳಲಿ. ಬಂದೂಕು ಹಿಡಿದ ಜವಾನನನ್ನು ಬಾಗಿಲಲ್ಲಿ ನಿಲ್ಲಿಸಿ, ವ್ಯಾಪಾರದ ಲೆಕ್ಕಕ್ಕೆ ದೇಶದ ಭದ್ರತೆ ಎಂಬ ಹೆಸರಿಡುವುದು ಬೇಡ.

ನಮ್ಮ ಭಾಗದ ಹೆಸರುಗಳ ಕಥೆ ಗೊತ್ತಿದ್ದವರಿಗೆ ಈ ನಿಯಮದ ಕ್ರೌರ್ಯ ಬೇಗ ತಿಳಿಯುತ್ತದೆ. ಈ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಜ್ಜನ ಹೊಲದ ಕಾಗದ ಉರ್ದುವಿನಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಅಪ್ಪನ ಹೆಸರನ್ನು ಶಾಲೆಯ ಮಾಸ್ತರರು ತಮ್ಮ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದುಕೊಂಡರು. ಮಗನ ಕಾಲಕ್ಕೆ ಕಂಪ್ಯೂಟರ್ ಬಂತು; ಅದನ್ನು ಒತ್ತುವ ಹುಡುಗ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿದ. ಮೂರು ಲಿಪಿ ದಾಟುವಷ್ಟರಲ್ಲಿ ಮೊಹಮ್ಮದ್ ಎಂಬುದು ಮಹ್ಮದ್ ಆಗಿ, ಮಹಮದ ಆಗಿ, ಕೊನೆಗೆ ಎಂ ಮತ್ತು ಡಿ ಎಂಬ ಎರಡಕ್ಷರವಾಗಿ ಉಳಿಯಿತು. ಮದುವೆಗೆ ಮುಂಚೆ 'ಬೀ' ಇದ್ದ ಹೆಣ್ಣುಮಗಳು ರೇಷನ್ ಕಾರ್ಡಿನಲ್ಲಿ 'ಬೇಗಂ' ಆದಳು. ಟಿಕೆಟ್ಟಿನ ಫಾರಂ ಅಡ್ಡಹೆಸರು ಕೇಳುತ್ತದೆ, ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಇಲ್ಲ. ಇರುವ ಒಂದೇ ಹೆಸರನ್ನು ಎರಡು ಸಲ ಬರೆಯುತ್ತಾರೆ.

ಇದು ಮುಸ್ಲಿಮರದ್ದಷ್ಟೇ ಕಷ್ಟವಲ್ಲ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವ ಲಂಬಾಣಿಗಳ ಚವ್ಹಾಣ, ರಾಠೋಡಗಳನ್ನು ಮಹಾರಾಷ್ಟ್ರದವರು ಒಂದು ರೀತಿ, ಇಲ್ಲಿಯವರು ಇನ್ನೊಂದು ರೀತಿ ಬರೆಯುತ್ತಾರೆ. ಇನ್ನು ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಹುಸೇನಪ್ಪ, ಸಾಬಣ್ಣ, ಫಕೀರಪ್ಪ, ಖಾಜಪ್ಪ ಎಂಬ ಹಿಂದೂಗಳಿದ್ದಾರೆ. ದರ್ಗಾಕ್ಕೆ ಹರಕೆ ಹೊತ್ತು ಹಡೆದ ಮಕ್ಕಳು ಅವರು. ಹೆಸರು ನೋಡಿ ಮನುಷ್ಯನನ್ನು ತೂಗುವವರು ಈ ಹುಸೇನಪ್ಪನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೋ ನೋಡುವ ಆಸೆ ನನಗೆ.

ತೂಗುವವರು ಇದ್ದಾರೆ ಎಂಬುದು ಕಲ್ಪನೆಯ ಮಾತಲ್ಲ. ಬೆಂಗಳೂರಿಗೆ ಹೊರಟಿದ್ದ ನಮ್ಮ ರಾಜ್ಯದ ಡಾ. ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಇಂಗ್ಲೆಂಡಿನಲ್ಲಿದ್ದ ಸಂಬಂಧಿಕನಿಗೆ ಒಂದು ಸಿಮ್ ಕಾರ್ಡ್ ಬಿಟ್ಟು ಬಂದದ್ದೇ ಅವರ ಅಪರಾಧ. ಅದೇ ತಿಂಗಳು ಮೊಕದ್ದಮೆ ಬಿದ್ದುಹೋಯಿತು, 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ಅಬ್ದುಲ್ ಕಲಾಂ ಅವರು ತಪಾಸಣೆಯಿಂದ ವಿನಾಯಿತಿ ಇರುವ ಗಣ್ಯರ ಪಟ್ಟಿಯಲ್ಲಿದ್ದ ಮಾಜಿ ರಾಷ್ಟ್ರಪತಿ. 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೇ ಒಂದು ಅಮೆರಿಕನ್ ವಿಮಾನ ಕಂಪನಿಯವರು ಅವರನ್ನೂ ತಪಾಸಣೆ ಮಾಡಿದರು, ಆಮೇಲೆ ಕ್ಷಮೆ ಕೇಳಿದರು. ಕಲಾಂ ಸಾಹೇಬರು ಸಿಟ್ಟಾಗದೆ ಸಹಕರಿಸಿದರು. ದೊಡ್ಡವರ ದೊಡ್ಡತನ ಅದು. ನನಗೆ ಕಾಡುವುದು ಆ ಪಟ್ಟಿ. ಅಧಿಕಾರದಲ್ಲಿದ್ದವರಿಗೆ ಚೀಲವನ್ನೂ ತೋರಿಸದಿರುವ ವಿನಾಯಿತಿ. ಕಲ್ಲು ಒಡೆಯುವವನಿಗೆ ಒಂದು ಅಕ್ಷರದ ವಿನಾಯಿತಿಯೂ ಇಲ್ಲ.

ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 2017ರ ಅಕ್ಟೋಬರ್‌ನಲ್ಲಿ ಹತ್ತು ಬಗೆಯ ಗುರುತಿನ ದಾಖಲೆಗಳನ್ನು ಪಟ್ಟಿ ಮಾಡಿತ್ತು. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್, ಪ್ಯಾನ್, ಚಾಲನಾ ಪರವಾನಗಿಯ ಜೊತೆ ರಾಷ್ಟ್ರೀಕೃತ ಬ್ಯಾಂಕಿನ ಫೋಟೊ ಇರುವ ಪಾಸ್‌ಬುಕ್, ಪಿಂಚಣಿ ಕಾರ್ಡ್ ಕೂಡ ಅದರಲ್ಲಿದ್ದವು. ಇದು ಯಾವುದೂ ಇಲ್ಲದವರಿಗೆ ಗ್ರೂಪ್ 'ಎ' ಗೆಜೆಟೆಡ್ ಅಧಿಕಾರಿ ಸರ್ಕಾರಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಆಗುತ್ತದೆ ಎಂದಿತ್ತು. ರಾತ್ರಿ ಹತ್ತಕ್ಕೆ ಸಾವಿನ ಸುದ್ದಿ ಬಂದವನು ಬೆಳಗಾಗುವುದರೊಳಗೆ ಗ್ರೂಪ್ 'ಎ' ಅಧಿಕಾರಿಯನ್ನು ಎಲ್ಲಿ ಹುಡುಕಬೇಕು? ಚಿಂಚೋಳಿಯಲ್ಲಿ ಹಗಲಲ್ಲೇ ಒಬ್ಬ ಸಾಹೇಬರನ್ನು ಕಾಣಲು ಎಷ್ಟು ಸಲ ಅಲೆಯಬೇಕೆಂದು ಅಲೆದವರನ್ನು ಕೇಳಿ.

ಈಗ ಚೀಟಿಯೂ ಬೇಡ, ಮುಖ ತೋರಿಸಿದರೆ ಸಾಕು ಎನ್ನುತ್ತಿದ್ದಾರೆ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಶುರುವಾದ ಡಿಜಿಯಾತ್ರಾ ಆಧಾರ್ ಮೂಲಕ ನಮ್ಮ ಗುರುತನ್ನೂ ಮುಖವನ್ನೂ ಜೋಡಿಸುತ್ತದೆ. ಇಷ್ಟವಿದ್ದವರಿಗೆ ಮಾತ್ರ ಎಂಬುದು ಸರ್ಕಾರದ ಮಾತು. ಕೇಳದೆಯೇ ಬಾಗಿಲಲ್ಲಿ ಮುಖದ ಫೋಟೊ ತೆಗೆದರೆಂಬ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ರೈಲಿನ ಅನುಭವವೂ ನಮ್ಮ ಮುಂದಿದೆ. 2012ರ ಡಿಸೆಂಬರ್‌ನಿಂದ ರಿಸರ್ವೇಶನ್ ಇರುವ ಎಲ್ಲ ಬೋಗಿಗಳಿಗೂ ಗುರುತಿನ ಚೀಟಿ ಬಂತು. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ಟಿಗೆ ಆಧಾರ್ ಜೋಡಣೆ ಕಡ್ಡಾಯವಾಯಿತು. ವಾಡಿಯಲ್ಲಿ ಜನರಲ್ ಬೋಗಿಗೆ ಮುಗಿಬೀಳುವ ಜನರಿಗೆ ಮಾತ್ರ ಹೆಸರಿಲ್ಲದೆ ಪ್ರಯಾಣಿಸುವ ಸ್ವಾತಂತ್ರ್ಯ ಉಳಿದಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿ. ಆ ತೀರ್ಪು ವಿಮಾನ ನಿಲ್ದಾಣದ ಬಾಗಿಲ ಹೊರಗೇ ನಿಂತಿದೆ.

ಚೀಟಿ ಕೇಳಲೇಬೇಕೆಂದಿದ್ದರೆ ಕೇಳಲಿ. ಫೋಟೊ ಮುಖಕ್ಕೆ ಹೊಂದಿದರೆ, ಹೆಸರು ಓದಲು ಒಂದೇ ಎನ್ನುವಂತಿದ್ದರೆ ಒಳಗೆ ಬಿಡಲಿ. ಅನುಮಾನವಿದ್ದರೆ ಚೀಲವನ್ನು ಇನ್ನೊಮ್ಮೆ ನೋಡಲಿ, ಮೈಯನ್ನು ಇನ್ನೊಮ್ಮೆ ತಡವಲಿ. ಗೆಜೆಟೆಡ್ ಅಧಿಕಾರಿಯ ಬದಲು ನಿಲ್ದಾಣದಲ್ಲೇ ಒಬ್ಬ ಜವಾಬ್ದಾರಿಯುತ ಅಧಿಕಾರಿಯನ್ನು ಕೂರಿಸಿ, ಕಾಲು ಗಂಟೆಯಲ್ಲಿ ತೀರ್ಮಾನ ಕೊಡಲಿ. ಇದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ.

ನಮ್ಮ ಮುದುಕರು ಊರಿಗೆ ಬಂದ ಮೇಲೆ ಆಧಾರ್ ತಿದ್ದಿಸಲು ಹೋದರು. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಬಹುದು, ಸರಿಯಾದ ಹೆಸರಿರುವ ಬೇರೊಂದು ದಾಖಲೆ ತನ್ನಿ ಎಂದರು. ಮನೆಗೆ ಬಂದು ಟ್ರಂಕು ತೆಗೆದು ಮತದಾರರ ಚೀಟಿ ಹುಡುಕಿದರು. ಅದರಲ್ಲಿದ್ದದ್ದು ಮಹೀಬೂಬಲಿ.