ಆಕ್ಸಿಡೆಂಟ್ ಮಾಡಿದಾತ ಆ ಮನಿಗೆ ಹೋಗಬೇಕೋ ಬ್ಯಾಡೋ

ಇವತ್ತು ಬೀಜ, ಗೊಬ್ಬರದ ವಿಷಯ ಅಲ್ಲ. ಭತ್ತದ ಕಟಾವು ಶುರು ಆತಂದ್ರ ಹನುಮನಹಳ್ಳಿ, ಆನೆಗೊಂದಿ, ಗಂಗಾವತಿ ರೋಡಿನಾಗ ಟ್ರ್ಯಾಕ್ಟರ್, ಕಟಾವು ಮಷಿನ್, ಅಂಜನಾದ್ರಿಗೆ ಬರೋ ಕಾರು ಎಲ್ಲಾ ಒಂದೇ ಡಾಂಬರಿನ ಮ್ಯಾಲೆ. ಅದರಾಗ ಅರ್ಧ ರೋಡಿಗೆ ಭತ್ತ ಒಣಗಹಾಕಿರ್ತಾರ. ಇಲ್ಲಿ ಸ್ಟೇರಿಂಗ್ ಹಿಡಿದವರು ನಮ್ಮ ಹುಡುಗರೇ, ಬಿದ್ದು ಸಾಯೋರೂ ನಮ್ಮೋರೇ. ಅದಕ್ಕ ಕೇಳ್ತೀನಿ: ಗಾಡಿ ಬಡಿದು ಒಂದು ಜೀವ ಹೋತಂದ್ರ, ಓಡಿಸಿದಾತ ಆ ಮನಿಗೆ ಹೋಗಿ ತಪ್ಪಾತು ಅನ್ನಬೇಕೋ ಬ್ಯಾಡೋ?

ನನ್ನ ಪ್ರಕಾರ ಹೋಗಬೇಕು. ಆದ್ರ ನಮ್ಮ ಭಾಗದಾಗ ಹೋಗೋ ರೀತಿಯೊಳಗ ಅಲ್ಲ. ಮಣ್ಣಾಗಿ ಮೂರು ದಿನ ಆಗಿರಂಗಿಲ್ಲ, ನಾಲ್ಕು ಮಂದಿ ಹಿರೇರು ಒಂದು ಕವರ್ ಹಿಡಕೊಂಡು ಬರ್ತಾರ. 'ಆಗಿದ್ದು ಆಗಿಹೋತು, ಹಣೆಬರಹ, ಕೇಸು ಮುಂದ ಒಯ್ಯೋದು ಬ್ಯಾಡ' ಅಂತಾರ. ಗಾಡಿ ಓಡಿಸಿದಾತ ಅವರ ಹಿಂದ ತಲಿ ಬಗ್ಗಿಸಿ ಕುಂತಿರ್ತಾನ, ಒಂದು ಮಾತೂ ಆಡಂಗಿಲ್ಲ. ಇದು ಕ್ಷಮೆ ಅಲ್ರೀ, ವ್ಯಾಪಾರ.

ಮನಿಯವರು ಸಹಿ ಮಾಡಿದ್ರ ಆ ಕೇಸು ಮುಚ್ಚೋದೂ ಇಲ್ಲ. ಅಜಾಗರೂಕತೆಯಿಂದ ಸಾವು ಅನ್ನೋದಕ್ಕ ಮೊದಲು ಐಪಿಸಿ 304ಎ ಇತ್ತು, 2 ವರ್ಷದ ತನಕ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1), 5 ವರ್ಷದ ತನಕ. ಎರಡೂ ರಾಜಿ ಆಗೋ ಕೇಸಲ್ಲ. ಹಂಗಾದ್ರ ಸಹಿ ಯಾಕ? ನಾಳೆ ಸಾಕ್ಷಿ ಹೇಳೋರು ಕೋರ್ಟಿನಾಗ 'ನಾ ನೋಡಿಲ್ಲ' ಅನ್ನಲಿ ಅಂತ. ಪರಿಹಾರದ ಅರ್ಜಿ ಹಾಕದಿರಲಿ ಅಂತ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಾಗ ಅಪಘಾತ ಆದ 6 ತಿಂಗಳೊಳಗ ಅರ್ಜಿ ಹಾಕಬೇಕಂತ ಐತಿ. ಇವತ್ತು ಕೂಡೋಣ, ನಾಳೆ ಕೂಡೋಣ ಅನ್ನೋದ್ರಾಗ ಆ ದಿನಗಳು ದಾಟಿಹೋಗ್ತಾವ.

ಇನ್ನೊಂದು ಕಡೆ ವಕೀಲರು ಬಾಯಿ ಬಿಚ್ಚಬ್ಯಾಡ ಅಂತಾರ. ಅವರ ಮಾತು ಸುಳ್ಳಲ್ಲ. ಕಂಪನಿ ಒಪ್ಪಿಗೆ ಇಲ್ಲದ ತಪ್ಪು ಒಪ್ಪಿಕೊಳ್ಳಬಾರದು ಅಂತ ಇನ್ಶೂರೆನ್ಸ್ ಪಾಲಿಸಿಯೊಳಗೇ ಷರತ್ತು ಇರ್ತೈತಿ. ನಾಲ್ಕು ಮಂದಿ ಮುಂದ ಆಡಿದ ಮಾತು ಸಾಕ್ಷಿ ಆಗಲೂಬಹುದು. ಆದ್ರ 'ನಿಮ್ಮ ಮನಿ ದೀಪ ಹೋತು, ನನಗೂ ನಿದ್ದಿ ಇಲ್ಲ' ಅನ್ನಾಕ ಯಾವ ಕಾನೂನೂ ಅಡ್ಡ ಬರಂಗಿಲ್ಲ. ಆರೋಪಿ ಅಂದ್ರ ಅಪರಾಧಿ ಅಲ್ಲ, ತಪ್ಪು ಯಾರದು ಅನ್ನೋದನ್ನ ಕೋರ್ಟ್ ಹೇಳಲಿ. 2025ರ ಜನವರಿಯಾಗ ಮಂತ್ರಾಲಯದ ಪಾಠಶಾಲೆ ಹುಡುಗರು ಹಂಪಿ ಕಡೆ ಬರೋವಾಗ ಸಿಂಧನೂರು ಹತ್ರ ಗಾಡಿ ಪಲ್ಟಿ ಆಗಿ ಮೂವರು ವಿದ್ಯಾರ್ಥಿಗಳು ಸತ್ತರು, ಡ್ರೈವರೂ ಸತ್ತ. ಅಲ್ಲಿ ಡ್ರೈವರ್ ಮನಿಯೂ ಸಾವಿನ ಮನಿಯೇ.

ಮನಿಗೆ ಹೋಗೋದು ಆಮ್ಯಾಲಿನ ಮಾತು. ಮೊದಲು ರೋಡಿನಾಗ ಗಾಡಿ ನಿಲ್ಲಿಸಬೇಕು. 2024ರ ಜನವರಿಯಾಗ ಲಾರಿ ಡ್ರೈವರ್‌ಗಳು ಮುಷ್ಕರ ಮಾಡಿದ್ದು ನೆನಪೈತಲ್ಲ? ಬಡಿದು ತಿಳಿಸದ ಓಡಿಹೋದ್ರ 10 ವರ್ಷದ ತನಕ ಅನ್ನೋ 106(2)ರ ವಿರುದ್ಧ. ಜುಲೈ 1ಕ್ಕ ಉಳಿದ ಕಾನೂನು ಬಂದಾಗ ಆ ಕಲಂ ಮಾತ್ರ ತಡೆಹಿಡಿದರು. ನಿಂತ್ರ ಮಂದಿ ಬಡೀತಾರ ಅನ್ನೋ ಅವರ ಹೆದರಿಕಿ ಖರೇನೇ. ಅದಕ್ಕ ಮೋಟಾರು ವಾಹನ ಕಾಯ್ದೆಯ 134ನೇ ಕಲಂ, ಗಾಯ ಆದವರನ್ನ ದವಾಖಾನಿಗೆ ಮುಟ್ಟಿಸು, ಮಂದಿ ರೊಚ್ಚಿಗೆದ್ದು ಆಗದಿದ್ರ ಬ್ಯಾರೆ ಅಂತೈತಿ. ಸ್ಟೇಷನ್‌ಗೆ ಹೋಗಿ ತಿಳಿಸಾಕಂತೂ ಅಡ್ಡಿ ಇಲ್ಲ. ಬಡಿದ ಗಾಡಿ ಯಾವುದಂತ ಗೊತ್ತಾಗದಿದ್ರ ಆ ಮನಿಗೆ ಕೇಂದ್ರದ ಯೋಜನೆಯಿಂದ ಸಿಗೋದು 2 ಲಕ್ಷ ಅಷ್ಟ. ಓಡಿಹೋದಾತ ಅವರ ಪರಿಹಾರವನ್ನೂ ಹೊತ್ತುಕೊಂಡು ಹೋದಂಗ.

2024ರ ಮೇನಲ್ಲಿ ಪುಣೆಯೊಳಗ ಹದಿನೇಳರ ಹುಡುಗ ಕಾರು ಬಡಿದು ಇಬ್ಬರು ಎಂಜಿನಿಯರುಗಳು ಸತ್ತಾಗ, 300 ಪದದ ಪ್ರಬಂಧ ಬರಿ ಅಂತ ಷರತ್ತು ಹಾಕಿ ಜಾಮೀನು ಕೊಟ್ಟಿದ್ರು. ದೇಶವೇ ಸಿಟ್ಟಿಗೆದ್ದಿತ್ತು. ನಮ್ಮೂರಾಗ ಲೈಸೆನ್ಸ್ ಇಲ್ಲದ ಹುಡುಗ ಟ್ರ್ಯಾಕ್ಟರ್ ಬಡಿಸಿ, ಲೈಸೆನ್ಸ್ ಇದ್ದ ಕಾಕಾನ್ನ ಸ್ಟೇಷನ್‌ಗೆ ಕಳಿಸಿದ್ರ ಯಾರಿಗೂ ಸಿಟ್ಟು ಬರಂಗಿಲ್ಲ!

ಅಂಥ ಸುಳ್ಳು ಇಟ್ಟುಕೊಂಡು ಹೋದ್ರ ಏನು ಬಂತು? ಮಗನ್ನ ಕಳಕೊಂಡ ತಾಯಿ ಕೇಳೋದು ರೊಕ್ಕ ಅಲ್ಲ. 'ಕಡೀಗೆ ಏನಂದ? ನೀರು ಕೇಳಿದನೇನು?' ಇದನ್ನ ಹೇಳಬಲ್ಲಾತ ಅಲ್ಲಿದ್ದಾತ ಒಬ್ಬನೇ. ಅದಕ್ಕ ದಿನಕರ್ಮ ಎಲ್ಲಾ ಮುಗಿದ ಮ್ಯಾಲೆ, ವಕೀಲರನ್ನ ಕೇಳಿಕೊಂಡೇ, ಆ ಮನಿಯವರು ಒಪ್ಪಿದ್ರ ಒಬ್ಬ ಹಿರೇರ ಜೋಡಿ ಹೋಗಲಿ. ಬೈದ್ರ ಬೈಸಿಕೊಳ್ಳಲಿ. ಬಾಗಿಲು ಹಾಕಿದ್ರ ತಿರುಗಿ ಬರಲಿ, ಮತ್ತ ಮಂದಿನ್ನ ಕಳಿಸೋದು ಬ್ಯಾಡ. ಕೈಯಾಗ ಕವರ್ ಬದಲಿ ಗಾಡಿ ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸ್ ಇರಲಿ, ಅರ್ಜಿ ಹಾಕಾಕ ಅವರಿಗೆ ಅದೇ ಬೇಕು.

ನಿಮ್ಮ ಟ್ರ್ಯಾಕ್ಟರ್ ಇನ್ಶೂರೆನ್ಸ್ ಯಾವಾಗ ತೀರತೈತಿ, ಟ್ರಾಲಿದೂ ಐತೋ ಇಲ್ಲೋ, ಇವತ್ತ ತಗದು ನೋಡ್ರಿ. ನಿಮ್ಮೂರಾಗ ಇಂಥಾದ್ದಕ್ಕ ಹೆಂಗ ಮಾಡ್ತಾರ ಅನ್ನೋದನ್ನ ಕೆಳಗ ಬರೀರಿ.